ಉಬುಂಟು ಅಪ್‌ಗ್ರೇಡ್ ಆದ ಮೇಲೆ ಹಳೆಯದೆಲ್ಲ ಎಲ್ಲಿ ಹೋಯಿತು?

ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 22.04 ಆವೃತ್ತಿ ಇದ್ದ ಲ್ಯಾಪ್‌ಟಾಪ್ ಅಂತೂ 24.04ಕ್ಕೆ ಬಂತು. ಆದರೆ ಲಾಗಿನ್ ಆಗಿ ನೋಡಿದರೆ ನಿನ್ನೆಯವರೆಗೆ ಓಡುತ್ತಿದ್ದ ಪೈಥಾನ್ ಪ್ರಾಜೆಕ್ಟ್ ಓಡುತ್ತಿಲ್ಲ, ಹೊರಗಿನಿಂದ ಹಾಕಿಕೊಂಡ ತಂತ್ರಾಂಶಕ್ಕೆ ಅಪ್‌ಡೇಟ್ ಬರುತ್ತಿಲ್ಲ, ಡೇಟಾಬೇಸ್ ಒಂದಿದ್ದದ್ದು ಎರಡಾಗಿದೆ. ಇಷ್ಟಕ್ಕೇ ಗಾಬರಿಯಾಗಿ ಫಾರ್ಮ್ಯಾಟ್ ಮಾಡಲು ಹೊರಡಬೇಡಿ. ಉಬುಂಟು ಹಳೆಯದನ್ನು ಬಹುಮಟ್ಟಿಗೆ ಅಳಿಸಿರುವುದಿಲ್ಲ, ಬದಿಗೆ ಎತ್ತಿಟ್ಟಿರುತ್ತದೆ. ಎಲ್ಲಿಟ್ಟಿದೆ ಎಂದು ತಿಳಿದುಕೊಂಡರೆ ಸರಿಪಡಿಸುವುದು ಕಷ್ಟವಲ್ಲ.

ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಂ’ ತೆರೆದು, ಅದರೊಳಗಿನ ‘ಅಬೌಟ್’ನಲ್ಲಿ 24.04 ಎಂದಿದೆಯೇ ನೋಡಿ. ‘ಅಬೌಟ್’ ಮೊದಲಿನ ಜಾಗದಲ್ಲಿ ಇಲ್ಲವೆಂದು ಹುಡುಕಾಡುವವರಿದ್ದಾರೆ. 24.04ರ ಡೆಸ್ಕ್‌ಟಾಪ್ ಆದ ಗ್ನೋಮ್ 46ರಲ್ಲಿ ಅದು ಸಿಸ್ಟಂ ಒಳಗೆ ಸೇರಿದೆ.

ಪರದೆಯೇ ಕಪ್ಪಾಗಿ ನಿಂತರೆ? ಕಂಪ್ಯೂಟರ್ ಆನ್ ಆಗುವಾಗ ಎಸ್ಕೇಪ್ ಕೀಲಿ ಒತ್ತಿ (ಹಳೆಯ ಬಯೋಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಳ್ಳಿ). ಯಾವುದರಿಂದ ಶುರುವಾಗಬೇಕೆಂದು ಕೇಳುವ ಗ್ರಬ್ ಮೆನು ಬಂದಾಗ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಆರಿಸಿದರೆ ಹಿಂದಿನ ಕರ್ನಲ್ (ವ್ಯವಸ್ಥೆಯ ತಿರುಳು) ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದರಿಂದ ಒಳಗೆ ಬಂದು ಗ್ರಾಫಿಕ್ಸ್ ಡ್ರೈವರ್ ಮತ್ತೆ ಹಾಕಿಕೊಳ್ಳಿ. ಎನ್ವಿಡಿಯಾ ಕಾರ್ಡ್ ಇರುವವರಿಗೆ ಈ ತಾಪತ್ರಯ ಹೆಚ್ಚು.

ಅಪ್‌ಡೇಟ್ ನಿಂತ ತಂತ್ರಾಂಶಗಳ ಕತೆ ಸರಳ. ಪಿಪಿಎಗಳು (ಬೇರೆಯವರು ನಡೆಸುವ ಪ್ಯಾಕೇಜ್ ಭಂಡಾರಗಳು) ಮತ್ತು ಇತರ ಹೊರಗಿನ ಮೂಲಗಳನ್ನು ಅಪ್‌ಗ್ರೇಡ್ ಸಮಯದಲ್ಲಿ ಬೇಕೆಂದೇ ಆಫ್ ಮಾಡಲಾಗುತ್ತದೆ, ಹಳೆಯ ಪ್ಯಾಕೇಜು ಹೊಸ ವ್ಯವಸ್ಥೆಯೊಳಗೆ ನುಸುಳದಿರಲಿ ಎಂದು. ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ನ ‘ಅದರ್ ಸಾಫ್ಟ್‌ವೇರ್’ ಪಟ್ಟಿಯಲ್ಲಿ ಅವು ಟಿಕ್ ಇಲ್ಲದೆ ಕೂತಿರುತ್ತವೆ. ಎಲ್ಲಕ್ಕೂ ಒಟ್ಟಿಗೆ ಟಿಕ್ ಹಾಕಬೇಡಿ. ಆ ಮೂಲದವರು 24.04ಕ್ಕೆ, ಅಂದರೆ ಅದರ ಸಂಕೇತನಾಮವಾದ ‘ನೋಬಲ್’ಗೆ, ಪ್ಯಾಕೇಜ್ ಕೊಟ್ಟಿದ್ದಾರೆಯೇ ನೋಡಿ ಒಂದೊಂದಾಗಿ ಆನ್ ಮಾಡಿ. ವಿವರದಲ್ಲಿ ಇನ್ನೂ 22.04ರ ಹೆಸರಾದ ‘ಜಾಮಿ’ ಎಂದಿದ್ದರೆ ಅದನ್ನು ‘ನೋಬಲ್’ ಎಂದು ತಿದ್ದಬೇಕು.

ಪೈಥಾನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ವಿದ್ಯಾರ್ಥಿಗಳು ಹೆಚ್ಚು ಕಂಗೆಡುವುದು ಇಲ್ಲೇ. ಹಳೆಯ ವರ್ಚುವಲ್ ಎನ್ವಿರಾನ್‌ಮೆಂಟಿನ (ಒಂದು ಪ್ರಾಜೆಕ್ಟ್‌ನ ಮಾಡ್ಯೂಲ್‌ಗಳನ್ನು ಪ್ರತ್ಯೇಕವಾಗಿಡುವ ಫೋಲ್ಡರಿನ) ‘ಲಿಬ್’ ಫೋಲ್ಡರ್ ತೆರೆದು ನೋಡಿ. ‘ಪೈಥಾನ್3.10’ ಎಂಬ ಫೋಲ್ಡರಿನೊಳಗೆ ನೀವು ಹಾಕಿಕೊಂಡ ಮಾಡ್ಯೂಲ್‌ಗಳೆಲ್ಲ ಹಾಗೇ ಇವೆ. ಆದರೆ 24.04ರ ಪೈಥಾನ್ 3.12. ಅದು ಹುಡುಕುವುದು ‘ಪೈಥಾನ್3.12’ ಎಂಬ ಫೋಲ್ಡರನ್ನು. ಅದು ಅಲ್ಲಿಲ್ಲ, ಹಾಗಾಗಿ ‘ಮಾಡ್ಯೂಲ್ ಸಿಗಲಿಲ್ಲ’ ಎನ್ನುತ್ತದೆ. ನಿಮ್ಮ ಕೋಡ್ ಮುಟ್ಟಬೇಕಾಗಿಲ್ಲ. ಎನ್ವಿರಾನ್‌ಮೆಂಟ್ ಫೋಲ್ಡರನ್ನಷ್ಟೇ ತೆಗೆದು ಹೊಸದು ಮಾಡಿ, ಬೇಕಾದ ಮಾಡ್ಯೂಲ್‌ಗಳ ಪಟ್ಟಿಯಿರುವ ರಿಕ್ವೈರ್‌ಮೆಂಟ್ಸ್ ಫೈಲಿನಿಂದ ಮತ್ತೆ ಇನ್‌ಸ್ಟಾಲ್ ಮಾಡಿ. ಎನ್ವಿರಾನ್‌ಮೆಂಟ್ ಇಲ್ಲದೆ ನೇರವಾಗಿ ಪಿಪ್ (ಪೈಥಾನ್ ಮಾಡ್ಯೂಲ್ ಹಾಕುವ ಸಾಧನ) ಬಳಸಿದರೆ ಈಗ ಅದು ಒಪ್ಪುವುದಿಲ್ಲ. ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಎಂಬ ಆಯ್ಕೆ ಸೇರಿಸಿ ಅದರ ಬಾಯಿ ಮುಚ್ಚಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಉಬುಂಟುವಿನ ಎಷ್ಟೋ ಸಾಧನಗಳು ಅದೇ ಪೈಥಾನನ್ನು ನಂಬಿಕೊಂಡಿವೆ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವವರು ಇನ್ನಷ್ಟು ಎಚ್ಚರವಾಗಿರಿ. ಹಳೆಯ 14ನೇ ಆವೃತ್ತಿ 5432ನೇ ಪೋರ್ಟ್‌ನಲ್ಲಿ ನಿಮ್ಮ ಮಾಹಿತಿಯೊಂದಿಗೆ ಓಡುತ್ತಿರುತ್ತದೆ; ಹೊಸ 16 ಅದರ ಪಕ್ಕದಲ್ಲಿ, ಸಾಮಾನ್ಯವಾಗಿ 5433ರಲ್ಲಿ, ಖಾಲಿ ಕೂತಿರುತ್ತದೆ. ಮೊದಲು ಹಳೆಯದರ ಡಂಪ್ (ಪೂರ್ತಿ ಮಾಹಿತಿಯ ಪ್ರತಿ) ತೆಗೆದು ಬೇರೆ ಡಿಸ್ಕ್‌ಗೆ ಹಾಕಿ. 16ರಲ್ಲಿ ನಿಜವಾಗಿಯೂ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಆ ಖಾಲಿ ಕ್ಲಸ್ಟರನ್ನು (ಆ ಆವೃತ್ತಿಯ ಡೇಟಾಬೇಸ್‌ಗಳ ಗುಂಪನ್ನು) ‘ಪಿಜಿ_ಡ್ರಾಪ್‌ಕ್ಲಸ್ಟರ್’ನಿಂದ ತೆಗೆಯಿರಿ, ನಂತರ ‘ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್’ನಿಂದ 14ನ್ನು 16ಕ್ಕೆ ಒಯ್ಯಿರಿ. ಡ್ರಾಪ್ ಕಮಾಂಡ್ ಕೊಡುವ ಮುನ್ನ ಸಂಖ್ಯೆಯನ್ನು ಎರಡು ಸಲ ಓದಿ.

ಅಪ್‌ಗ್ರೇಡ್ ನಡುವೆ ‘ಹಳೆಯ ಸೆಟ್ಟಿಂಗ್ ಉಳಿಸಲೇ, ಹೊಸದು ಹಾಕಲೇ’ ಎಂದು ಕೇಳಿದ್ದು ನೆನಪಿದೆಯೇ? ಏನೇ ಉತ್ತರ ಕೊಟ್ಟಿದ್ದರೂ ಇನ್ನೊಂದು ಪ್ರತಿ ‘ಇಟಿಸಿ’ ಫೋಲ್ಡರಿನಲ್ಲಿ ಮೂಲ ಫೈಲಿನ ಪಕ್ಕದಲ್ಲೇ ಇರುತ್ತದೆ. ಹಳೆಯದಾದರೆ ಹೆಸರಿನ ಕೊನೆಯಲ್ಲಿ ಸಾಮಾನ್ಯವಾಗಿ ‘ಡಿಪಿಕೆಜಿ-ಓಲ್ಡ್’, ಹೊಸದಾದರೆ ‘ಡಿಪಿಕೆಜಿ-ಡಿಸ್ಟ್’ ಎಂದಿರುತ್ತದೆ. ಎರಡನ್ನೂ ಹೋಲಿಸಿ, ಬೇಕಾದ ಸಾಲನ್ನು ಮಾತ್ರ ತನ್ನಿ.

ಕನ್ನಡ ಟೈಪಿಂಗ್ ಕಾಣದಿದ್ದರೆ ‘ಐಬಸ್-ಎಂ17ಎನ್’ ಪ್ಯಾಕೇಜ್ ಇದೆಯೇ ನೋಡಿ. ಲಾಗ್‌ಔಟ್ ಆಗಿ ಬಂದು ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಕನ್ನಡ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಸೇರಿಸಿ. ಸೂಪರ್ ಕೀಲಿ (ವಿಂಡೋಸ್ ಚಿಹ್ನೆಯದು) ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

22.04ಕ್ಕೇ ವಾಪಸ್ ಹೋಗಬಹುದೇ ಎಂದು ಕೇಳುವವರಿಗೆ ಉತ್ತರ: ಗುಂಡಿ ಒತ್ತಿ ಹೋಗುವ ದಾರಿ ಇಲ್ಲ. ಬ್ಯಾಕಪ್ ಇದ್ದರೆ ಅದರಿಂದ, ಇಲ್ಲದಿದ್ದರೆ ಹೊಸದಾಗಿ ಇನ್‌ಸ್ಟಾಲ್ ಮಾಡಿಯೇ ಹೋಗಬೇಕು.

ಇನ್ನು ‘ಆಟೋರಿಮೂವ್’, ಅಂದರೆ ಇನ್ನು ಬೇಡವೆನಿಸಿದ ಪ್ಯಾಕೇಜುಗಳನ್ನು ತೆಗೆಯುವ ಕಮಾಂಡ್. ಜಾಗ ಉಳಿಸಲು ಅಪ್‌ಗ್ರೇಡ್ ಆದ ದಿನವೇ ಅದನ್ನು ಓಡಿಸುವವರು ಬಹಳ. ಹಿಂದಿನ ಕರ್ನಲ್‌ನಂಥ, ಬದಿಗೆ ಎತ್ತಿಟ್ಟ ವಸ್ತುಗಳು ಹೋಗುವುದು ಆಗಲೇ. ಒಂದೆರಡು ವಾರ ದಿನದ ಕೆಲಸವೆಲ್ಲ ಹೊಸ ಕರ್ನಲ್ ಮೇಲೆ ನಡೆಯಲಿ, ಡೇಟಾಬೇಸ್ 16ರಲ್ಲಿ ಸರಿಯಾಗಿ ಓಡಲಿ. ಆಮೇಲೆ ಆ ಕಮಾಂಡ್ ಕೊಟ್ಟು, ಅದು ತೋರಿಸುವ ಪಟ್ಟಿಯನ್ನು ಪೂರ್ತಿ ಓದಿ, ‘ವೈ’ ಒತ್ತಿ.