ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿ ಮಕ್ಕಳ ತಾಯಂದಿರು ಸಿಕ್ಕಾಗೆಲ್ಲ ಹೇಳುವ ಮಾತು ಒಂದೇ: "ಮೂರು ಹೊತ್ತೂ ಪುಸ್ತಕ ಹಿಡ್ಕೊಂಡೇ ಇರ್ತಾಳೆ ಮೇಡಂ, ಮಾರ್ಕ್ಸ್ ಮಾತ್ರ ಬರ್ತಿಲ್ಲ." ಅವರು ಹೇಳುವುದು ನಿಜ. ಹುಡುಗಿ ಓದುತ್ತಲೇ ಇರುತ್ತಾಳೆ. ಅದೇ ಪಾಠವನ್ನು ನಾಲ್ಕು ಸಲ, ಐದು ಸಲ, ಗೆರೆ ಎಳೆದುಕೊಂಡು ಓದುತ್ತಾಳೆ. ಪುಟ ನೋಡಿದರೆ ಎಲ್ಲ ಗೊತ್ತಿರುವ ಹಾಗೇ ಅನಿಸುತ್ತದೆ. ಪರೀಕ್ಷೆಯಲ್ಲಿ ಆ ಪುಟ ಎದುರಿಗಿರುವುದಿಲ್ಲ, ಅಲ್ವಾ?

ಅದಕ್ಕೆ ನಮ್ಮ ಸಂಜೆ ತರಗತಿಯಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಪಾಠದ ಒಂದು ಭಾಗವನ್ನು ಗಮನವಿಟ್ಟು ಒಂದೇ ಸಲ ಓದಬೇಕು. ಆಮೇಲೆ ಪುಸ್ತಕ ಬ್ಯಾಗಿನೊಳಗೆ. ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟನ್ನು ಬರೆಯಬೇಕು. ಸ್ವಂತ ಮಾತಿನಲ್ಲಿ ಬರೆದರೂ ಸರಿ, ಕಾಗುಣಿತ ತಪ್ಪಿದರೂ ಸರಿ. ಬರೆದು ಮುಗಿದ ಮೇಲೆ ಪುಸ್ತಕ ತೆಗೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಬೇಕು. ಮಾರನೇ ದಿನ ಓದಬೇಕಾದ್ದು ಆ ಬಣ್ಣದ ಸಾಲುಗಳನ್ನಷ್ಟೇ.

ಹೃದಯದ ಚಿತ್ರವನ್ನೇ ನೋಡಿ. ಪುಸ್ತಕ ತೆರೆದಿಟ್ಟು ಬರೆಸಿದರೆ ಎಲ್ಲರದ್ದೂ ಅಚ್ಚುಕಟ್ಟು. ಮುಚ್ಚಿಸಿ ಬರೆಸಿದರೆ ಅರ್ಧ ತರಗತಿ ಹಾಳೆಯ ಎಡಗಡೆಗೆ 'ಎಡ ಹೃತ್ಕರ್ಣ' (ಹೃದಯದ ಎಡ ಮೇಲಿನ ಕೋಣೆ) ಅಂತ ಬರೆಯುತ್ತದೆ. ಚಿತ್ರದಲ್ಲಿರುವುದು ನಮ್ಮ ಎದುರಿಗೆ ನಿಂತವನ ಹೃದಯ. ಅವನ ಬಲಭಾಗ ನಮಗೆ ಎಡಕ್ಕೆ ಬರುತ್ತದೆ. ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿ ಬಲಗೈ ಎತ್ತಿಸಿದರೆ ತಟ್ಟನೆ ಅರ್ಥವಾಗುತ್ತದೆ. ಆಮೇಲೆ ಶ್ವಾಸಕೋಶಕ್ಕೆ ರಕ್ತ ಕಳಿಸುವುದು ಬಲ ಹೃತ್ಕುಕ್ಷಿ (ಕೆಳಗಿನ ಕೋಣೆ), ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಗೆ ಕಳಿಸುವುದು ಎಡ ಹೃತ್ಕುಕ್ಷಿ ಅನ್ನುವುದೂ ಸಲೀಸು. ಈ ಗೊಂದಲ ಇದೆ ಅಂತ ಹತ್ತು ಸಲ ಓದಿದರೂ ಗೊತ್ತಾಗುತ್ತಿರಲಿಲ್ಲ.

ಮಕ್ಕಳಿಗೆ ಇದು ಮೊದಮೊದಲು ಇಷ್ಟವಾಗುವುದಿಲ್ಲ. "ಏನೂ ನೆನಪಿಗೆ ಬರ್ತಿಲ್ಲ ಮಿಸ್, ಇನ್ನೊಂದ್ಸಲ ಓದ್ಕೋತೀನಿ" ಅಂತಾರೆ. ಅವರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದ ಕಥೆ ಹೇಳುತ್ತೇನೆ. ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ನೋಡದೆ ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟರೆ ಮತ್ತೆ ಮತ್ತೆ ಓದಿದವರೇ ಮುಂದು. ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುಗಿತ್ತು, ನೋಡದೆ ಬರೆದವರು ಜಾಸ್ತಿ ಉಳಿಸಿಕೊಂಡಿದ್ದರು. ಹಿಂದಿನ ರಾತ್ರಿ ಉರು ಹೊಡೆದವರಿಗೆ ಎಲ್ಲ ಬಂದಹಾಗೆ ಅನಿಸುವುದು ಇದಕ್ಕೇ.

ವ್ಯಾಖ್ಯೆ, ಸೂತ್ರ, ರಾಸಾಯನಿಕ ಸಮೀಕರಣಗಳಿಗೆ ಚೀಟಿ ಮಾಡಿಸುತ್ತೇನೆ. ಅಂಗಡಿಯಿಂದ ಏನೂ ತರಬೇಕಿಲ್ಲ, ಮನೆಯಲ್ಲಿ ಲಗ್ನಪತ್ರಿಕೆ ರಾಶಿ ಬಿದ್ದಿರುತ್ತವೆ. ಹಿಂಬದಿ ಖಾಲಿ ಇರುವ ದಪ್ಪ ಕಾಗದ, ಅಂಗೈಯಗಲ ಕತ್ತರಿಸಿದರೆ ಸಾಕು. ಅಚ್ಚಿರುವ ಬದಿಗೆ ಬಿಳಿ ಹಾಳೆ ಅಂಟಿಸಿಕೊಂಡು ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಮೂರು ಕವರ್: ದಿನಾ ನೋಡುವುದು, ಮೂರು ದಿನಕ್ಕೊಮ್ಮೆ ನೋಡುವುದು, ವಾರಕ್ಕೊಮ್ಮೆ ನೋಡುವುದು. ಉತ್ತರ ಸರಿಯಾದರೆ ಚೀಟಿ ಮುಂದಿನ ಕವರಿಗೆ, ತಪ್ಪಿದರೆ ಎಲ್ಲೇ ಇರಲಿ ವಾಪಸ್ ಮೊದಲನೆಯದಕ್ಕೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಜರ್ಮನ್ ಬರಹಗಾರ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ವಿಧಾನ. ಲಗ್ನಪತ್ರಿಕೆ ಮಾತ್ರ ನಮ್ಮದು.

ಮನೆಯಲ್ಲಿ ಓದು ಬಾರದ ಅಮ್ಮ, ಅಜ್ಜಿ ಇದ್ದರೂ ಈ ಕೆಲಸಕ್ಕೆ ಆಗುತ್ತಾರೆ. ಮಗು ಪಾಠ ಹೇಳಬೇಕು, ಅವರು "ಅದ್ಯಾಕೆ ಹಂಗೆ?" ಅಂತ ಕೇಳಬೇಕು. ಗೈಡ್ ಉರು ಹೊಡೆದವರಿಗೆ ಈ ಪ್ರಶ್ನೆ ದಾಟುವುದು ಕಷ್ಟ.

ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುವ ಪದ್ಧತಿ ನಮ್ಮ ಎಷ್ಟೋ ಶಾಲೆಗಳಲ್ಲಿದೆ. ನಾನೂ ಮಾಡುತ್ತೇನೆ, ಬರೀ "ಎದ್ಯೇನಪ್ಪಾ?" ಅಂತಲ್ಲ. "ಸಮೀಪದೃಷ್ಟಿಗೆ ಯಾವ ಮಸೂರ?" ಅಂತ ಕೇಳುತ್ತೇನೆ. "ನಿಮ್ನ" ಅಂತ ನಿದ್ದೆಗಣ್ಣಲ್ಲೂ ಬಂದರೆ ಫೋನ್ ಇಡುತ್ತೇನೆ. ರಾತ್ರಿ ಹನ್ನೊಂದೂವರೆಗೆ ಮಲಗುವ ಮಕ್ಕಳನ್ನು ನಾಲ್ಕಕ್ಕೆ ಎಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ನಿದ್ದೆಗೆಟ್ಟು ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ.

ಗಣಿತಕ್ಕೆ ಇನ್ನೊಂದು ಮಾತು. ಶಂಕುವಿನ ಲೆಕ್ಕಗಳನ್ನೇ ಸಾಲಾಗಿ ಮಾಡಿದರೆ ಸೂತ್ರ ಯಾವುದು ಅಂತ ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಲೆಕ್ಕದ ಪಕ್ಕ ಪಾಠದ ಹೆಸರು ಬರೆದಿರುವುದಿಲ್ಲ. ಹಾಗಾಗಿ ಶಂಕು, ಗೋಳ, ವರ್ಗಸಮೀಕರಣ, ಸಮಾಂತರ ಶ್ರೇಢಿ ಎಲ್ಲ ಕಲೆಸಿಕೊಂಡು ಬಿಡಿಸಲಿ.

ಜನವರಿಯ ಹೊತ್ತಿಗೆ ಪರೀಕ್ಷಾ ಮಂಡಳಿಯ ಮಾದರಿ ಪತ್ರಿಕೆಗಳಿಗೆ ಕೂರಿಸುತ್ತೇನೆ. ಗಡಿಯಾರ ಇಟ್ಟು 3 ಗಂಟೆ 15 ನಿಮಿಷ, ಮೊದಲ 15 ನಿಮಿಷ ಪೆನ್ನು ಮುಟ್ಟದೆ ಪತ್ರಿಕೆ ಓದುವುದಕ್ಕೆ. ತಿದ್ದುವುದು ನಾನಲ್ಲ. ಮಾದರಿ ಉತ್ತರ ಎದುರಿಗಿಟ್ಟುಕೊಂಡು ತಮ್ಮ ಹಾಳೆಗೆ ತಾವೇ ಅಂಕ ಹಾಕಿಕೊಳ್ಳುತ್ತಾರೆ. ಬಹಳ ಜಿಪುಣರು, ನಾನಾದರೆ ಎರಡು ಕೊಡುವ ಕಡೆ ಒಂದೇ ಕೊಡುತ್ತಾರೆ. ಒಂದು ಅಂಕದ ಪ್ರಶ್ನೆಗೆ ಅರ್ಧ ಪುಟ ಬರೆದದ್ದು ಅವರ ಕಣ್ಣಿಗೇ ಬೀಳುವುದು ಆಗಲೇ.