ಮಾರ್ಜನ್ ಬಿಯರೂ ಮಜ್ಜಿಗೆ ಗಡಿಗೆಯೂ

ಮಾರ್ಜನ್ ಅಂದರೆ ಜರ್ಮನರ ಹಬ್ಬದ ಕೆಂಪು ಬಿಯರು. ಮೊದಲ ವರ್ಷ ಮಾಡಿದ ಮಾರ್ಜನ್‌ಗೆ ನಾನೇ 50ಕ್ಕೆ 40 ಅಂಕ ಹಾಕಿಕೊಂಡಿದ್ದೆ. ಹದಿನೈದು ದಿನ ಕಳೆದ ಮೇಲೆ ಅದೇ ಬಿಯರನ್ನ, ಸುಮಾರು 900 ಲೀಟರ್, ಎಕ್ಸೈಸ್ ಲೆಕ್ಕಕ್ಕೆ ಬರೆಸಿ ಗಟಾರಕ್ಕೆ ಬಿಟ್ಟೆ. ಆಮೇಲೆ ರುಚಿ ನೋಡೋ ಕೆಲಸ ನನ್ನ ನಾಲಿಗೆಯಿಂದ ತೆಗೆದು ಅಡುಗೆಮನೆಯವರ ಮೂಗಿಗೆ ಕೊಟ್ಟೆ. ಪುಣೆಯಲ್ಲಿ ಇದೇ ಕಸುಬು ಮಾಡೋ ಗೆಳೆಯರು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. ಈ ವರ್ಷ ಅವರಲ್ಲೇ ಇಬ್ಬರು ಫೋನ್ ಮಾಡಿ, "ಅದೇನೋ ಮಾಡ್ತೀಯಂತಲ್ಲ, ಹೇಳು" ಅಂದರು. ಫೋನಲ್ಲಿ ಮುಗಿಯೋ ಮಾತಲ್ಲ, ಅದಕ್ಕೇ ಬರೀತಾ ಇದೀನಿ.

ನಮ್ಮದು ಪುಣೆ ಊರಾಚೆಯ ಒಂದು ಬ್ರೂಪಬ್, ಬಿಯರನ್ನ ಅಲ್ಲೇ ಮಾಡಿ ಅಲ್ಲೇ ಮಾರೋ ಜಾಗ. ಮಾಲೀಕರು ಕಾರ್ಕಳ ಕಡೆಯ ಶೆಟ್ಟರು. ಪಕ್ಕದಲ್ಲೇ ಅವರದ್ದೇ ಉಡುಪಿ ಹೋಟೆಲು, ಎರಡಕ್ಕೂ ಹಿತ್ತಿಲು ಒಂದೇ. ನಾನು ಧಾರವಾಡದವನು. ಗೋಧಿ ಬಿಯರು, ಸೈಡರು ಅಂತ ಹೇಗೋ ನಡೀತಿತ್ತು. ಅಕ್ಟೋಬರ್‌ಗೆ ಈ ಮಾರ್ಜನ್ ಮಾಡ್ತೀನಿ, ತಣ್ಣಗೆ ಬಹಳ ದಿನ ಇಟ್ಟು ಹದ ಮಾಡೋ ಲಾಗರ್ ಜಾತಿಯದು, ಟ್ಯಾಂಕು ಎರಡು ತಿಂಗಳು ಬೇಕು ಅಂದಾಗ ಶೆಟ್ಟರು ಲೆಡ್ಜರಿಂದ ತಲೆ ಎತ್ತಲೇ ಇಲ್ಲ. "ಎಂತದು ಮಾರಾಯ, ಎರಡು ತಿಂಗಳಲ್ಲಿ ಆ ಟ್ಯಾಂಕಿನಲ್ಲಿ ನಾಲ್ಕು ಸಲ ಗೋಧಿ ಬಿಯರ್ ತೆಗೀಬಹುದು. ನಿನ್ನದು ಬಿಯರೋ, ಉಪ್ಪಿನಕಾಯಿಯೋ?"

ಲೆಕ್ಕ ಅವರದ್ದೇ ಸರಿ. ಸಾವಿರ ಲೀಟರಿಗೆ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, 230 ಕಿಲೋ ಆಜುಬಾಜು. ಮ್ಯೂನಿಕ್, ವಿಯೆನ್ನಾ ಅನ್ನೋ ಮಾಲ್ಟ್ ಎರಡೂ ಹೊರದೇಶದ ಮಾಲು. ಕಹಿ ಕೊಡೋ ಹಾಪ್ಸ್ ಹೂವು, ಯೀಸ್ಟ್ ಸೇರಿ ಸಾಮಾನಿಗೇ ನಲವತ್ತೈದು ಐವತ್ತು ಸಾವಿರ ಬಿತ್ತು. ಮಗ್ಗಿನ ಲೆಕ್ಕದಲ್ಲಿ ಮಾರಿದ್ದರೆ ಆರೇಳು ಲಕ್ಷ. ಗಟಾರಕ್ಕೆ ಹೋಗಿದ್ದು ಅದು. ಆ ವರ್ಷ ದೀಪಾವಳಿ ಬೋನಸ್ ನಾನು ಕೇಳಲಿಲ್ಲ, ಅವರು ಕೊಡಲೂ ಇಲ್ಲ.

ತಪ್ಪು ಏನಾಗಿತ್ತು ಅಂದರೆ, ಗ್ರಾವಿಟಿ (ಯೀಸ್ಟ್ ಸಕ್ಕರೆ ತಿಂದಂತೆ ಇಳಿಯೋ ಸಾಂದ್ರತೆ) 1.056ರಿಂದ 1.014ಕ್ಕೆ ಬಂದಾಗಲೇ ಟ್ಯಾಂಕನ್ನ ತಣ್ಣಗೆ ಮಾಡಿಬಿಟ್ಟೆ. 1.020ರ ಹತ್ತಿರ ಬಂದಾಗ 16 ಡಿಗ್ರಿಗೆ ಏರಿಸಿ ನಾಲ್ಕು ದಿನ ಬಿಡಬೇಕು ಅನ್ನೋದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಬಿಡಲಿಲ್ಲ, ಟ್ಯಾಂಕಿಗೆ ಅಷ್ಟು ಅವಸರ ಇತ್ತು. ನಲ್ಲಿಗೆ ಹಾಕೋ ದಿನ ಕುಡಿದು ನೋಡಿದೆ, ಚೆನ್ನಾಗಿತ್ತು. ನಾಲ್ಕನೇ ದಿನ ನೋಡಿದೆ, ಆಗಲೂ ಚೆನ್ನಾಗಿತ್ತು. ಐದನೇ ದಿನ ಒಂದು ಟೇಬಲಿನವರು ಮಗ್ ವಾಪಸ್ ಕಳಿಸಿದರು, "ಇದರಲ್ಲಿ ಪಾಪ್‌ಕಾರ್ನ್ ವಾಸನೆ" ಅಂತ. ಡೂಲಾಲಿ ಅನ್ನೋ ಬ್ರೂಪಬ್ ಇಲ್ಲಿ ಶುರುವಾದ 2009ರಿಂದ ಕ್ರಾಫ್ಟ್ ಬಿಯರ್ ಕುಡಿದು ಪಳಗಿದ ಊರು ಇದು, ಗಿರಾಕಿಯ ನಾಲಿಗೆಗೆ ಮೋಸ ಮಾಡೋಕೆ ಆಗಲ್ಲ. ಆದರೆ ನನಗೆ ಆ ವಾಸನೆ ಸಿಗಲೇ ಇಲ್ಲ! ವೇಟರ್ ಹುಡುಗನಿಗೆ ಸಿಕ್ಕಿತು, ಶೆಟ್ಟರಿಗೂ ಸಿಕ್ಕಿತು. ಕ್ರಾಯ್ಜನ್, ಅಂದರೆ ಇನ್ನೂ ಹುದುಗು ಬರ್ತಿರೋ ಬಿಯರು, ಹಾಕಿ ಉಳಿಸೋಣ ಅಂದರೆ ಆಗ ಅಂಥ ಇನ್ನೊಂದು ಲಾಗರ್ ನನ್ನ ಹತ್ತಿರ ಇರಲಿಲ್ಲ.

ಆ ವಾಸನೆ ಡಯಾಸಿಟೈಲಿಂದು. ಹುದುಗು ಬರುವಾಗ ಹುಟ್ಟೋ ಬೆಣ್ಣೆ ವಾಸನೆಯ ವಸ್ತು ಅದು, ಟ್ಯಾಂಕ್ ಬೆಚ್ಚಗಿದ್ದರೆ ಯೀಸ್ಟೇ ಅದನ್ನ ಮುಗಿಸುತ್ತೆ. ಅದು ಎಲ್ಲರ ಮೂಗಿಗೂ ಒಂದೇ ತರ ಹತ್ತಲ್ಲ. ಲಾಗರ್‌ನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಇದ್ದರೆ ಸಾಕು, ಬಹಳ ಜನಕ್ಕೆ ಗೊತ್ತಾಗುತ್ತೆ. ನನ್ನಂಥವರಿಗೆ ಅದರ ಎಷ್ಟೋ ಪಟ್ಟು ಇದ್ದರೂ ಗೊತ್ತಾಗಲ್ಲ. ಹನ್ನೊಂದು ವರ್ಷ ಬಿಯರ್ ಮಾಡಿದವನಿಗೆ ಈ ವಿಷಯ ತಿಳಿದದ್ದು ಬಿಯರನ್ನ ಗಟಾರಕ್ಕೆ ಚೆಲ್ಲೋ ಹೊತ್ತಿಗೆ. ಲ್ಯಾಬಿಗೆ ಸ್ಯಾಂಪಲ್ ಕಳಿಸು ಅಂದರು ಗೆಳೆಯರು. ಒಂದು ಸ್ಯಾಂಪಲಿಗೆ ಕೆಲವು ಸಾವಿರ, ರಿಪೋರ್ಟ್ ಬರೋಕೆ ಹತ್ತು ದಿನ. ಅಷ್ಟರಲ್ಲಿ ಬಿಯರು ಬೇರೆಯೇ ಆಗಿರುತ್ತೆ.

ಎರಡನೇ ವರ್ಷ ಒಂಬತ್ತು ಜನರ ಗುಂಪು ಕಟ್ಟಿದೆ. ದೋಸೆ ಕಾವಲಿಯ ಭಟ್ಟರು, ಸಾಂಬಾರಿನವರು, ಬಾರಿನ ಇಬ್ಬರು, ಕ್ಯಾಶಿಯರ್, ಹೀಗೆ. ಎಲ್ಲರೂ ಮೂವತ್ತು ದಾಟಿದವರು. ಕುಡಿಯೋರಿಗೆಲ್ಲ ಮದ್ಯದ ಪರ್ಮಿಟ್ ಮಾಡಿಸಿದೆ. ಒಂದು ಸಲ ಕೂತರೆ ತಲೆಗೆ ನೂರು ರೂಪಾಯಿ, ನನ್ನ ಜೇಬಿಂದ. ಒಂಬತ್ತನೆಯವರು ರೊಟ್ಟಿ ಅಕ್ಕ. ವಿಜಯಪುರದ ಇಂಡಿ ಕಡೆಯವರು, ಹೋಟೆಲಿಗೆ ಜೋಳದ ರೊಟ್ಟಿ ಬಡಿದು ಕೊಡ್ತಾರೆ. ಕುಡಿಯೋ ಮಾತೇ ಇಲ್ಲ. "ಮೂಸಿ ನೋಡ್ತೀನಿ, ಬಾಯಿಗೆ ಹಚ್ಚಂಗಿಲ್ಲ ನೋಡ ತಮ್ಮಾ" ಅಂತ ಮೊದಲೇ ಕರಾರು ಹಾಕಿದರು.

ಮೊದಮೊದಲು ಸಂಜೆ ನಾಲ್ಕಕ್ಕೆ ಕೂರಿಸ್ತಿದ್ದೆ. ಪೂರಾ ದಂಡ. ಪಕ್ಕದಲ್ಲಿ ಇಂಗು ಸಾಸಿವೆ ಒಗ್ಗರಣೆ ಬಿದ್ದರೆ ಯಾವ ಹಾಪ್ಸಿನ ವಾಸನೆ ಹತ್ತುತ್ತೆ? ಈಗ ಬೆಳಿಗ್ಗೆ ಹನ್ನೊಂದಕ್ಕೆ, ತಿಂಡಿ ಗದ್ದಲ ಮುಗಿದು ಊಟದ ಒಗ್ಗರಣೆ ಶುರುವಾಗೋ ಮುಂಚೆ. ಅರ್ಧ ಗಂಟೆ ಮುಂಚಿನಿಂದ ಚಹಾ ಇಲ್ಲ, ಎಲೆ ಅಡಿಕೆ ಇಲ್ಲ. ನಡುನಡುವೆ ಬಾಯಿ ಸ್ವಚ್ಛ ಮಾಡೋಕೆ ಉಪ್ಪಿಲ್ಲದ ಚುರುಮುರಿ, ನೀರು. ಬಿಯರ್ 8ರಿಂದ 10 ಡಿಗ್ರಿ ಇರಬೇಕು. ನಲ್ಲಿಯಿಂದ 3 ಡಿಗ್ರಿಯಲ್ಲಿ ಬಂದದ್ದನ್ನ ಹಾಗೇ ಕೊಟ್ಟರೆ ಮಾಲ್ಟ್ ಬಾಯಿ ಬಿಡಲ್ಲ. ಕಟಿಂಗ್ ಚಹಾದ ಗ್ಲಾಸಲ್ಲೂ ಮಾಡಿ ನೋಡಿದೆ. ತಲೆಗೆ ಅರ್ಧ ಮಗ್ ಬಿಯರ್ ಉಳೀತು ನಿಜ, ಆದರೆ ವಾಸನೆ ನಿಲ್ಲೋಕೆ ಅದರಲ್ಲಿ ಜಾಗ ಇಲ್ಲ. ಈಗ 200 ಮಿಲಿ ಗ್ಲಾಸಲ್ಲಿ ಅರ್ಧ ತುಂಬಿ ಮೇಲೆ ಚಟ್ನಿ ಬಟ್ಟಲು ಮುಚ್ಚೋದು.

ಬಿಯರ್ ಸ್ಪರ್ಧೆಗಳಲ್ಲಿ ಬಳಸೋ 50 ಅಂಕದ ಹಾಳೆ ಹೀಗಿದೆ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹತ್ತೋ ಪರಿಗೆ 5, ಒಟ್ಟಾರೆಗೆ 10. ಅದನ್ನ ಇವರಿಗೆ ಕೊಟ್ಟು ಒಂದು ತಿಂಗಳು ಹಾಳು ಮಾಡಿದೆ. ಭಟ್ಟರು ಎಲ್ಲಕ್ಕೂ 45 ಹಾಕೋರು, ನನಗೆ ಬೇಜಾರಾಗಬಾರದು ಅಂತ. ಕ್ಯಾಶಿಯರ್ ಎಲ್ಲಕ್ಕೂ 25. ಸರಾಸರಿ ತೆಗೆದರೆ ಯಾವ ಬಿಯರ್ ಇಟ್ಟರೂ 35. ಹಾಳೆ ಕಿತ್ತುಹಾಕಿ ಮೂರು ಗ್ಲಾಸಿನ ಆಟಕ್ಕೆ ಬಂದೆ. ಎರಡರಲ್ಲಿ ಒಂದೇ ಬಿಯರು, ಒಂದರಲ್ಲಿ ಬೇರೆ. ಬೇರೆ ಯಾವುದು? ಅಷ್ಟೇ ಪ್ರಶ್ನೆ. ಒಂಬತ್ತರಲ್ಲಿ ಮೂವರು ಸುಮ್ಮನೆ ಊಹೆ ಮಾಡಿದರೂ ಸರಿ ಹೇಳ್ತಾರೆ. ಆರು ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಅಂತ ನಂಬೋದು. ಹನ್ನೆರಡು ಜನ ಇದ್ದರೆ ಎಂಟು. ಮುಖ ನೋಡಿ ಅಂಕ ಹಾಕೋದು ಅಲ್ಲಿಗೆ ನಿಂತಿತು.

ಇದನ್ನ ಬಿಯರ್ ಕಾಯಿಸೋ ಪರೀಕ್ಷೆಗೆ ಜೋಡಿಸಿದ್ದೇ ನನ್ನ ಕೈಚಳಕ ಅಂತ ಹೇಳಿಕೊಳ್ತೀನಿ. ಟ್ಯಾಂಕಿಂದ ಸ್ಯಾಂಪಲ್ ತೆಗೆದು ಎರಡು ಪಾಲು. ಒಂದನ್ನ ಮುಚ್ಚಿ 60–65 ಡಿಗ್ರಿ ನೀರಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆಮೇಲೆ ತಣ್ಣಗೆ ಮಾಡೋದು. ಅದಕ್ಕೆ ಬೇರೆ ಉಪಕರಣ ಬೇಡ, ಸಾಂಬಾರ್ ಬಿಸಿಯಿಡೋ ನೀರಿನ ತೊಟ್ಟಿ ಇತ್ತು. ಖರ್ಚು ಥರ್ಮಾಮೀಟರಿನ ಒಂಬೈನೂರು ರೂಪಾಯಿ ಮಾತ್ರ. ಕಾಯಿಸಿದ್ದು ಮಾತ್ರ ಬೆಣ್ಣೆ ಹೊಡೆದರೆ ಡಯಾಸಿಟೈಲ್ ಇನ್ನೂ ಹುಟ್ಟೋದಿದೆ, ಟ್ಯಾಂಕ್ ತಣ್ಣಗೆ ಮಾಡಬೇಡ. ಎರಡರಲ್ಲೂ ಇಲ್ಲದಿದ್ದರೆ ಮುಂದಕ್ಕೆ ಹೋಗು. ಎರಡರಲ್ಲೂ ಇದ್ದರೆ ಯೀಸ್ಟ್ ಇನ್ನೂ ಬದುಕಿರುವಾಗಲೇ ಬೆಚ್ಚಗೆ ಇಟ್ಟು ಕಾಯಿ. ನನ್ನ ಮೂಗಿಗೆ ಇದರಲ್ಲಿ ಕೆಲಸವೇ ಇಲ್ಲ.

ಬೆಣ್ಣೆ ಅಂತ ಹೇಳಿದ್ದೇ ಮೊದಲು ಎಡವಟ್ಟಾಗಿತ್ತು. ಬೆಣ್ಣೆ ವಾಸನೆ ಅಂದರೆ ನಮ್ಮವರಿಗೆ ಒಳ್ಳೇದು! ಬೆಣ್ಣೆ ದೋಸೆ ಮಾರೋ ಜಾಗದಲ್ಲಿ ಅದನ್ನ ದೋಷ ಅಂದರೆ ಯಾರು ಒಪ್ಪುತ್ತಾರೆ? ಒಂದು ದಿನ ರೊಟ್ಟಿ ಅಕ್ಕ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದು ಮೂರು ಗ್ಲಾಸನ್ನೂ ಮೂಸಿದರು. ನಡುವಿನದನ್ನ ಎರಡು ಬೆರಳಲ್ಲಿ ದೂರ ನೂಕಿದರು. "ಮಜ್ಜಿಗಿ ಕಡದ ಗಡಿಗಿ ತೊಳೀಲಾರದ ಎರಡ ದಿನ ಬಿಟ್ರ ಹಿಂಗ ನಾರತದ." ಮಜ್ಜಿಗೆಗೆ ಆ ವಾಸನೆ ಬರೋದೂ ಇದೇ ಡಯಾಸಿಟೈಲಿಂದ. ಪಾಪ್‌ಕಾರ್ನ್, ಬಟರ್‌ಸ್ಕಾಚ್ ಅಂತ ನಾನು ತಿಣುಕಿದ್ದೆಲ್ಲ ಆ ಒಂದು ಗಡಿಗೆಯಲ್ಲಿ ಮುಗೀತು. ಅವತ್ತಿಂದ ಬಿಯರ್ ದೋಷಗಳ ನಮ್ಮ ಪಟ್ಟಿಯ ಹೆಸರುಗಳೇ ಬದಲಾದವು. ಡಿಎಂಎಸ್ ಅನ್ನೋ ಗಂಧಕದ ವಸ್ತು ಅಂದರೆ ಗೋವಿನಜೋಳ ಕುದಿಸಿದ ನೀರು. ಮಳೆಗಾಲದಲ್ಲಿ ಪುಣೆ ಪಕ್ಕದ ಸಿಂಹಗಡ ಕೋಟೆಗೆ ಹೋಗಿ ಗೋವಿನಜೋಳ ತಿಂದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅಸಿಟಾಲ್ಡಿಹೈಡ್ ಅಂದರೆ ಹಸಿರು ಸೇಬಿನ ಸಿಪ್ಪೆ. ಆಕ್ಸಿಡೇಶನ್, ಅಂದರೆ ಗಾಳಿ ತಾಗಿ ಕೆಟ್ಟದ್ದಕ್ಕೆ, ಮಳೆಯಲ್ಲಿ ನೆನೆದ ರಟ್ಟಿನ ಡಬ್ಬಿ. ಆ ಕೊನೆಯದರ ಗುರುತು ಹಿಡಿಸೋಕೆ ಒಂದು ಬಾಟಲಿ ಬಿಯರನ್ನ ಮೇ ತಿಂಗಳಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಹನ್ನೆರಡು ದಿನ ಓಡಾಡಿಸಿದೆ. ಪಾಠ ಚೆನ್ನಾಗಾಯಿತು, ಡಿಕ್ಕಿಯ ವಾಸನೆ ಗಣಪತಿ ಹಬ್ಬದವರೆಗೂ ಹೋಗಲಿಲ್ಲ. ಗಡಿಗೆ ವಾಸನೆ ಗುರುತು ಹಿಡಿಸೋ ಗ್ಲಾಸಿಗೆ ನಾನು ಏನು ಎಷ್ಟು ಹನಿ ಬಿಡ್ತೀನಿ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಅದರಾಚೆ ಮಾರ್ಜನ್ ಹೇಗಿರಬೇಕು ಅನ್ನೋ ಜಗಳ ಬೇರೆ. ಬಣ್ಣ, ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಚೊಂಬಿನದು. ಬಿಳಿ ಹಾಳೆ ಹಿಂದಿಟ್ಟು ನೋಡಬೇಕು, ಬಾರಿನ ಹಳದಿ ದೀಪದಲ್ಲಿ ನೋಡಬಾರದು. ಮೂಗಿಗೆ ಇರಾನಿ ಬೇಕರಿಯ ಪಾವಿನ ಕೆಂಪು ಬೆನ್ನು. ಬಾಯಲ್ಲಿ ಮೊದಲು ಸಿಹಿ ಅನ್ನಿಸಿ, ನುಂಗಿದ ಮೇಲೆ ಒಣಗಬೇಕು. ಶೆಟ್ಟರಿಗೆ ಬೆಲ್ಲದ ಪಾಕದ ರುಚಿ ಬೇಕಿತ್ತು. ಕ್ಯಾರಮೆಲ್ ಮಾಲ್ಟ್ ಹಾಕು, ಜನಕ್ಕೆ ಹಿಡಿಸುತ್ತೆ ಅಂದರು. 20 ಲೀಟರ್ ಮಾಡಿ ತೋರಿಸಿದೆ. ಒಂದು ಗ್ಲಾಸ್ ಕುಡಿದು ಎರಡನೆಯದಕ್ಕೆ ಅವರೇ ಕೈ ಹಾಕಲಿಲ್ಲ. ಖರ್ಚು ಉಳಿಸೋಕೆ ಇಲ್ಲಿನ ಬೇಸ್ ಮಾಲ್ಟನ್ನೇ ಓವನ್ನಲ್ಲಿ ಕೆಂಪಗೆ ಹುರಿದೂ ನೋಡಿದೆ. ಮೊದಲ ಸಲ ಬಿಸ್ಕೀಟು, ಎರಡನೇ ಸಲ ಸೀದ ಚಪಾತಿ. ಕಿಲೋಗೆ ನಲವತ್ತು ರೂಪಾಯಿ ಉಳಿಸೋಕೆ ಹೋಗಿ ಎರಡು ವಾರ ಕಳೆದೆ. ಕೊನೆಗೆ ನಿಂತದ್ದು ನಾಲ್ಕು ಮಾಲ್ಟ್. ಮೂರನ್ನ ನೀವೇ ಊಹಿಸ್ತೀರಿ. ನಾಲ್ಕನೆಯದು ಶೇಕಡಾ ಎರಡೂ ಇಲ್ಲ, ಅದನ್ನ ಹೇಳಲ್ಲ.

ಮ್ಯೂನಿಕ್‌ಗೆ ಹೋಗಿ ಬಂದ ಐಟಿ ಹುಡುಗರದು ಇನ್ನೊಂದು ತಕರಾರು: ಅಲ್ಲಿ ಇಷ್ಟು ಕೆಂಪಗಿರಲ್ಲ ಅಂತ. ನಿಜ. ಅಲ್ಲಿ ಅಕ್ಟೋಬರ್‌ಫೆಸ್ಟ್ ಡೇರೆಗಳಲ್ಲಿ ಈಗ ಸುರಿಯೋದು ಬಂಗಾರದ ಬಣ್ಣದ ಫೆಸ್ಟ್‌ಬಿಯರ್. 1872ರಲ್ಲಿ ಹಬ್ಬಕ್ಕೆ ಬಂದ ಮಾರ್ಜನ್ ಬೇರೆ ಬಣ್ಣದ್ದು. ನಾನು ಮಾಡೋದು ಆ ಹಳೇದನ್ನ. ಅಂದಹಾಗೆ, ಅವರ ಹಬ್ಬದ ನಡುವೆಯೇ ನಮಗೆ ಅಕ್ಟೋಬರ್ 2 ಡ್ರೈ ಡೇ. ಅದಕ್ಕೂ ಮುಂಚೆ ಶ್ರಾವಣ, ಆಮೇಲೆ ಅನಂತ ಚತುರ್ದಶಿ, ನವರಾತ್ರಿ ಉಪವಾಸ. ಇಷ್ಟರ ಸಂದಿಯಲ್ಲಿ ಸಾವಿರ ಲೀಟರ್ ಮಾರಬೇಕು. ಅಕ್ಟೋಬರ್ ಸೆಖೆಯೊಂದೇ ನಮ್ಮ ಕಡೆ.

ಎರಡನೇ ವರ್ಷ ಕಾಯಿಸಿದ ಗ್ಲಾಸು, ಕಾಯಿಸದ ಗ್ಲಾಸು ಎರಡೂ ಪಾಸು. ಏಳು ವಾರ 1 ಡಿಗ್ರಿಯಲ್ಲಿ ಇಟ್ಟೆ. ಗ್ರಾವಿಟಿ 1.012ಕ್ಕೆ ನಿಂತಿತ್ತು, ಆಲ್ಕೋಹಾಲ್ 5.8 ಪರ್ಸೆಂಟ್. ನಲ್ಲಿಗೆ ಹಾಕಿದ ಆರನೇ ದಿನ ಮತ್ತೆ ಅದೇ ದೂರು. ಗೆಳೆಯರ ನಗು ಇನ್ನೂ ಜೋರಾಯಿತು. ನಾನು ನಿಜವಾಗಿ ಬಿಟ್ಟುಬಿಡೋ ಯೋಚನೆಯಲ್ಲಿದ್ದೆ. ಶೆಟ್ಟರು ಏನೂ ಮಾತಾಡಲಿಲ್ಲ, ಅವರು ಬೈದರೇ ವಾಸಿ.

ಹಠಕ್ಕೆ ಬಿದ್ದು ಮೂರು ಗ್ಲಾಸು ಇಟ್ಟೆ. ಎರಡು ಟ್ಯಾಂಕಿನವು, ಒಂದು ನಲ್ಲಿಯದು. ಒಂಬತ್ತಕ್ಕೆ ಎಂಟು ಜನ ನಲ್ಲಿಯದನ್ನ ಹೆಕ್ಕಿದರು. ಟ್ಯಾಂಕ್ ಬಿಯರ್ ಶುದ್ಧ! ಭಟ್ಟರು, "ಇದು ಗಡಿಗೆ ಮಾತ್ರ ಅಲ್ಲ, ಸ್ವಲ್ಪ ಹುಳಿಯೂ ಉಂಟು" ಅಂದರು. ಹುಳಿ ಅಂದಕೂಡಲೇ ಗೊತ್ತಾಯಿತು, ಇದು ಯೀಸ್ಟಿನ ಕೆಲಸ ಅಲ್ಲ, ಪೈಪಿನಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾದ ಕೆಲಸ. ಬಾರಿನ ಪೈಪುಗಳನ್ನ ಹದಿನೈದು ದಿನಕ್ಕೊಮ್ಮೆ ಕಾಸ್ಟಿಕ್ ಹಾಕಿ ತೊಳೀತಾರೆ ಅಂತ ನಾನು ನಂಬಿಕೊಂಡಿದ್ದೆ. ರಿಜಿಸ್ಟರಿನಲ್ಲಿ ಸಹಿಯೂ ಇತ್ತು. ನಲ್ಲಿ ಬಿಚ್ಚಿ ಒಳಗೆ ಬೆರಳು ಹಾಕಿದರೆ ಲೋಳೆ. ಆ ಬೆರಳನ್ನ ಶೆಟ್ಟರ ಮೂಗಿಗೆ ಹಿಡಿದೆ. ಮಾರ್ಜನ್ ಅನ್ನೋದು ಜರ್ಮನರಿಗೆ ಮಾರ್ಚ್ ತಿಂಗಳ ಬಿಯರು. 1553ರ ಬವೇರಿಯಾದ ಕಟ್ಟಳೆಯಂತೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಕಾಸೋ ಹಾಗಿರಲಿಲ್ಲ, ಅದಕ್ಕೇ ಮಾರ್ಚಲ್ಲೇ ಮಾಡಿ ಇಡೋರು. ನಮ್ಮ ಭಾಷೆಯಲ್ಲಿ ಮಾರ್ಜನ ಅಂದರೆ ತೊಳೆಯೋದು. ಹೆಸರಲ್ಲೇ ಬರೆದಿದ್ದನ್ನ ನಾನು ಓದಿರಲಿಲ್ಲ.

ಪೈಪು ಪೂರ್ತಿ ಬದಲಾಯಿಸೋಕೆ ಹದಿನೆಂಟು ಸಾವಿರ ಹತ್ತಿರ ಆಯಿತು. ಉಳಿದ ಐನೂರು ಲೀಟರನ್ನ ಹೊಸ ಪೈಪಲ್ಲಿ ಮಾರಿದೆವು, ಆದರೆ ಅಷ್ಟು ಹೊತ್ತಿಗೆ ದಸರೆ ಮುಗಿದಿತ್ತು.

ಈ ವರ್ಷ ಟ್ಯಾಂಕು, ನಲ್ಲಿ ಎರಡಕ್ಕೂ ವಾರಕ್ಕೊಮ್ಮೆ ಮೂರು ಗ್ಲಾಸು. ಪೈಪು ತೊಳೆಯೋವಾಗ ನಾನೇ ನಿಂತಿರ್ತೀನಿ. ಒಂಬತ್ತು ದಿನದಲ್ಲಿ ಟ್ಯಾಂಕು ಖಾಲಿ, ಒಂದು ಮಗ್ಗೂ ವಾಪಸ್ ಬರಲಿಲ್ಲ. ಕೊನೆಯ ದಿನ ರೊಟ್ಟಿ ಅಕ್ಕನ ಮುಂದೆ ಗ್ಲಾಸ್ ಇಟ್ಟೆ. ಮೂಸಿದರು, ಮತ್ತೊಮ್ಮೆ ಮೂಸಿದರು. "ಏನೂ ನಾರವಲ್ದಲ್ಲ ತಮ್ಮಾ, ಇದರಾಗ ನಾ ಏನ್ ಹೇಳ್ಬೇಕು?" ಅಂತ ರೊಟ್ಟಿ ಬುಟ್ಟಿ ಎತ್ತಿಕೊಂಡು ಹೋದರು. ಹಳೇ ಹಾಳೆ ತೆಗೆದು ನಾನು ಹಾಕಿಕೊಂಡದ್ದು 41. ಶೆಟ್ಟರು ಮುಂದಿನ ಸಲ ಎರಡು ಟ್ಯಾಂಕ್ ಹಾಕು ಅಂತಿದಾರೆ. ನೂರು ರೂಪಾಯಿಯ ಆ ಒಂಬತ್ತು ಜನರನ್ನ ಹೋಟೆಲ್ ಖರ್ಚಿಗೆ ಹಾಕಿ ಅಂದೆ, ಅದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.