ಪಕ್ಷ ಬಿಟ್ಟ ಶಾಸಕರ ಮೇಲೆ ಅನರ್ಹತೆ ಅರ್ಜಿ: ಬರೆಯುವವರಿಗೆ ಒಂದಿಷ್ಟು

ಸ್ಪೀಕರಿಗೆ ಕೊಡುವ ಈ ಅರ್ಜಿಗೆ ಪೆನ್ನು ಹಿಡಿಯುವ ಮೊದಲು ಒಂದು ಇತ್ಯರ್ಥವಾಗಲಿ. ಶಾಸಕರು ಪಕ್ಷ ಬಿಟ್ಟರೋ, ವಿಪ್ (ಸದನದಲ್ಲಿ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದರೋ? ಪಕ್ಷಾಂತರ ತಡೆಯುವ ಸಂವಿಧಾನದ 10ನೇ ಅನುಸೂಚಿಯಲ್ಲಿ ಇವೆರಡೂ ಬೇರೆ ಬೇರೆ, ಬೇಕಾದ ಸಾಕ್ಷ್ಯವೂ ಬೇರೆ. ಎರಡನ್ನೂ ಕಲಸಿ ಬರೆದರೆ ಎದುರು ವಕೀಲರಿಗೆ ಹಬ್ಬ.

ವಿಪ್ ಮೀರಿದ್ದಾದರೆ ಕೆಲಸ ಸುಲಭ: ವಿಪ್ ಪ್ರತಿ, ಅದು ತಲುಪಿದ್ದಕ್ಕೆ ಸಹಿ, ಸದನದ ಮತದಾನದ ದಾಖಲೆ. ಶಾಸಕರು ಕೈಗೆ ಸಿಗದಿದ್ದರೆ ಶಾಸಕರ ಭವನದ ಕೊಠಡಿ ಬಾಗಿಲಿಗೆ ಅಂಟಿಸಿ ಫೋಟೊ ತೆಗೆದಿಡಿ. ಮತದಾನದಿಂದ 15 ದಿನದೊಳಗೆ ಪಕ್ಷವೇ ಮನ್ನಿಸಿಬಿಟ್ಟರೆ ಅರ್ಜಿ ನಿಲ್ಲುವುದಿಲ್ಲ. ಮನ್ನಿಸಿಲ್ಲ ಎಂಬ ಸಾಲು ಮರೆಯಬೇಡಿ.

ರಾಜ್ಯಸಭಾ ಚುನಾವಣೆಯ ಅಡ್ಡಮತಕ್ಕೆ ಈ ದಾರಿ ಇಲ್ಲ. 2024ರ ಫೆಬ್ರವರಿಯಲ್ಲಿ ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಅಡ್ಡಮತ ಹಾಕಿದರು. 2025ರ ಮೇನಲ್ಲಿ ಬಿಜೆಪಿ ಉಚ್ಚಾಟಿಸಿತು, ಅಷ್ಟಕ್ಕೇ ಶಾಸಕ ಸ್ಥಾನ ಹೋಗಲಿಲ್ಲ. ಉಚ್ಚಾಟನೆ ಎಂದರೆ ಪಕ್ಷ ಕಳಿಸಿದ್ದು, ಅವರು ಬಿಟ್ಟದ್ದಲ್ಲ. ಸಿಟ್ಟಿನಲ್ಲಿ ಹೊರಹಾಕಿ ಆಮೇಲೆ ಅರ್ಜಿ ಹುಡುಕುವುದು, ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಕಷ್ಟವಿರುವುದು ‘ಸ್ವಇಚ್ಛೆಯಿಂದ ಪಕ್ಷ ಬಿಟ್ಟರು’ ಎಂದು ತೋರಿಸುವುದರಲ್ಲಿ. ರಾಜೀನಾಮೆ ಪತ್ರವೇ ಬೇಕಿಲ್ಲ, ನಡವಳಿಕೆಯಿಂದಲೂ ತೀರ್ಮಾನಿಸಬಹುದೆಂದು ಸುಪ್ರೀಂ ಕೋರ್ಟ್ 1994ರಲ್ಲಿ ಗೋವಾದ ರವಿ ನಾಯ್ಕ್ ಪ್ರಕರಣದಲ್ಲಿ ಹೇಳಿದೆ. ಆದರೆ ಮುಖ್ಯಮಂತ್ರಿ ಬೇಡ ಎನ್ನುವುದೂ ಪಕ್ಷ ಬೇಡ ಎನ್ನುವುದೂ ಒಂದೇ ಅಲ್ಲ. 2010ರ ಅಕ್ಟೋಬರ್ 6ರಂದು ಬಿಜೆಪಿಯ ಶಾಸಕರು ಯಡಿಯೂರಪ್ಪನವರಿಗೆ ಬೆಂಬಲವಿಲ್ಲವೆಂದು ರಾಜ್ಯಪಾಲರಿಗೆ ಪತ್ರ ಕೊಟ್ಟರು. ಮರುದಿನವೇ ಸ್ಪೀಕರ್ ನೋಟಿಸ್. 10ರ ಸಂಜೆ 5ಕ್ಕೆ ಉತ್ತರ ಕೊಡಿ ಎಂದು. ನಿಯಮದಲ್ಲಿರುವುದು 7 ದಿನ. ಪಕ್ಷದ ಅಧ್ಯಕ್ಷರ ಪ್ರಮಾಣಪತ್ರದ (ಅಫಿಡವಿಟ್) ಪ್ರತಿಯನ್ನೂ ಕೊಡದೆ ಅದನ್ನೇ ನೆಚ್ಚಿ 11 ಮಂದಿಯನ್ನು ಅನರ್ಹಗೊಳಿಸಿದರು, ಮರುದಿನ ವಿಶ್ವಾಸಮತ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆದೇಶವನ್ನೇ ರದ್ದುಮಾಡಿತು. ಹಾಗಾಗಿ ಪ್ರತಿ ದಾಖಲೆಯನ್ನೂ ಅರ್ಜಿಯ ಜೊತೆಗೇ ಲಗತ್ತಿಸಿ, ನಡುವೆ ತುರುಕಬೇಡಿ. ನಾಳೆಯೇ ವಿಶ್ವಾಸಮತವಿದ್ದರೂ ಉತ್ತರಕ್ಕೆ ಸ್ಪೀಕರ್ 7 ದಿನ ಕೊಡಲಿ.

ಸಾಕ್ಷ್ಯವನ್ನು ದಿನಾಂಕದ ಸಾಲಿನಲ್ಲಿ ಜೋಡಿಸಿ: ಶಾಸಕಾಂಗ ಪಕ್ಷದ ಸಭೆಯ ನೋಟಿಸ್, ಗೈರುಹಾಜರಿ, ಬೇರೆ ಪಕ್ಷದ ವೇದಿಕೆಯಲ್ಲಿ ಆಡಿದ ಮಾತಿನ ಪೂರ್ತಿ ವಿಡಿಯೊ. ತುಂಡು ಕ್ಲಿಪ್, ‘ಮೂಲಗಳ ಪ್ರಕಾರ’ ಎಂಬ ಸುದ್ದಿ ಎರಡೂ ದುರ್ಬಲ. ರೆಸಾರ್ಟ್ ವಾಸ್ತವ್ಯವೊಂದೇ ಏನನ್ನೂ ಸಾಬೀತು ಮಾಡದು. ಇಲ್ಲಿ ನಿಷ್ಠೆ ಉಳಿಸಿಕೊಳ್ಳಲೂ ರೆಸಾರ್ಟಿಗೇ ಕರೆದೊಯ್ಯುತ್ತಾರಲ್ಲ. ಸಿವಿಲ್ ದಾವೆಯಂತೆ ಅರ್ಜಿಗೆ ಸಹಿ, ಸತ್ಯಾಪನೆ (ಬರೆದದ್ದು ನಿಜವೆಂಬ ದೃಢೀಕರಣ) ಬೇಕು, ಲಗತ್ತುಗಳಿಗೂ.

ಕೋರಿಕೆಯಲ್ಲಿ ಅತಿಯಾಸೆ ಬೇಡ. 2019ರಲ್ಲಿ ಅನರ್ಹರಾದ 17 ಶಾಸಕರಲ್ಲಿ ಹೆಚ್ಚಿನವರು ಮೊದಲೇ ರಾಜೀನಾಮೆ ಕೊಟ್ಟಿದ್ದರೂ ಸುಪ್ರೀಂ ಕೋರ್ಟಿನಲ್ಲಿ ಅನರ್ಹತೆ ನಿಂತಿತು. ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಭಾಗ ಬಿದ್ದುಹೋಯಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಕೆ.ಆರ್. ಪುರ, ಯಶವಂತಪುರ, ಮಹಾಲಕ್ಷ್ಮಿ ಲೇಔಟಿನಲ್ಲಿ ಅದೇ ಮುಖಗಳು ಹೊಸ ಚಿಹ್ನೆಯಡಿ ಗೆದ್ದು ಬಂದವು.

ವಿಧಾನಸೌಧದಲ್ಲಿ ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಗೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಸಾಮಾನ್ಯವಾಗಿ 3 ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಮಣಿಪುರದ ಪ್ರಕರಣದಲ್ಲಿ ಹೇಳಿದೆ. ಕಡತ ಕದಲದಿದ್ದರೆ ಹೈಕೋರ್ಟಿಗೆ ಹೋಗುವಾಗ ಮೊದಲು ತೋರಿಸಬೇಕಾದದ್ದು ಆ ಮೊಹರನ್ನೇ.